ಬೇಸ್ ಗಿಟಾರ್‌ಗೆ ಕ್ಯಾಪೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್ ಗಿಟಾರ್‌ಗೆ ಕ್ಯಾಪೋ ಹಾಕಬಹುದೇ?

ಧಾರಾಳವಾಗಿ ಹಾಕಬಹುದು. ಕ್ಯಾಪೋ ಎಂದರೆ ವಾದ್ಯದ ಕತ್ತಿಗೆ ಬಿಗಿದು ತಂತಿಗಳನ್ನು ಒಂದು ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಒತ್ತಿಹಿಡಿಯುವ ಹಿಡಿಕೆ. ವಾದ್ಯಕ್ಕೆ ಅದರಿಂದ ಹಾನಿಯಿಲ್ಲ. ಆದರೆ ಗಿಟಾರ್‌ಗೆಂದು ಮಾಡಿದ ಕ್ಯಾಪೋವನ್ನು ಹಾಗೆಯೇ ತಂದು ಸಿಕ್ಕಿಸಿದರೆ ಸಾಮಾನ್ಯವಾಗಿ ಅತಿ ದಪ್ಪದ ಇ ತಂತಿ ಚೆನ್ನಾಗಿ ನುಡಿಯುತ್ತದೆ, ಅತಿ ತೆಳುವಾದ ಜಿ ತಂತಿ ಠಪ್ ಎಂದು ಸತ್ತ ಸದ್ದು ಮಾಡುತ್ತದೆ. ಏಕೆ ಹೀಗೆ, ಏನು ಮಾಡಬೇಕು ಎಂಬುದನ್ನು ಕೆಳಗೆ ವಿವರವಾಗಿ ಹೇಳಿದೆ. ಅದಕ್ಕೂ ಮೊದಲು, ನಿಮಗೆ ಕ್ಯಾಪೋ ಬೇಕೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಗಿಟಾರ್ ನುಡಿಸುವವರು ಕ್ಯಾಪೋ ಹಾಕಿದ್ದಾರೆ. ನಾನೂ ಹಾಕಬೇಕೇ?

ಬೇಡ. ಗಿಟಾರ್‌ನವರಿಗೆ ಕ್ಯಾಪೋ ಬೇಕಾಗುವುದು ಓಪನ್ ಕಾರ್ಡ್‌ಗಳ (ಬೆರಳಿಡದ ತಂತಿಗಳೂ ಸೇರಿದ ಸ್ವರಗುಚ್ಛಗಳ) ಆಕಾರವನ್ನು ಹಾಗೇ ಉಳಿಸಿಕೊಂಡು ಶ್ರುತಿ ಏರಿಸಲು. ಬೇಸ್‌ನಲ್ಲಿ ಹೆಚ್ಚಾಗಿ ಒಂದೊಂದೇ ಸ್ವರ ನುಡಿಸುತ್ತೇವೆ. ಬೆರಳಿನ ವಿನ್ಯಾಸವನ್ನು ಎರಡು ಫ್ರೆಟ್ ಮೇಲಕ್ಕೆ ಸರಿಸಿದರೆ ಶ್ರುತಿಯೂ ಬದಲಾಗಿಬಿಡುತ್ತದೆ. ನೀವು ಮಾಡಬೇಕಾದದ್ದು ಲೆಕ್ಕ ಮಾತ್ರ: ಕ್ಯಾಪೋ ಎಷ್ಟನೇ ಫ್ರೆಟ್‌ನಲ್ಲಿದೆಯೋ ಅಷ್ಟು ಅರ್ಧಸ್ವರ ಮೇಲೆ.

ಗಿಟಾರ್‌ನವರು 3ನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಜಿ, ಸಿ, ಡಿ, ಇ ಮೈನರ್ ಹಿಡಿದರೆ ಕೇಳಿಸುವುದು ಬಿ ಫ್ಲಾಟ್, ಇ ಫ್ಲಾಟ್, ಎಫ್, ಜಿ ಮೈನರ್. ನೀವು ಆ ಎರಡನೆಯ ಸಾಲನ್ನು ನುಡಿಸಬೇಕು. ಅಭ್ಯಾಸದಲ್ಲಿ ಗಲಿಬಿಲಿ ಹುಟ್ಟುವುದು ಇಲ್ಲೇ. ಗಿಟಾರ್‌ನವರು "ಈಗ ಜಿ" ಎನ್ನುತ್ತಾರೆ, ಕೀಬೋರ್ಡ್‌ನವರು "ಅದು ಬಿ ಫ್ಲಾಟ್" ಎನ್ನುತ್ತಾರೆ. ತಂಡದಲ್ಲಿ ಎಲ್ಲರೂ ಕೇಳಿಸುವ ಸ್ವರದ ಹೆಸರನ್ನೇ ಹೇಳುವುದು ಅಂತ ಮೊದಲೇ ಮಾತಾಡಿಕೊಳ್ಳಿ, ಜಗಳ ತಪ್ಪುತ್ತದೆ.

ಹಾಗಾದರೆ ಬೇಸ್‌ನಲ್ಲಿ ಕ್ಯಾಪೋ ಯಾವಾಗ ಉಪಯೋಗಕ್ಕೆ ಬರುತ್ತದೆ?

ಓಪನ್ ತಂತಿ, ಅಂದರೆ ಬೆರಳಿಡದೆ ನುಡಿಸುವ ತಂತಿ, ಇಲ್ಲದಿದ್ದರೆ ಕೆಟ್ಟುಹೋಗುವ ಸಾಲುಗಳಿಗೆ. ಇ ತಂತಿಯನ್ನು ಓಪನ್ ಆಗಿ ಗುಂಯ್‌ಗುಡಲು ಬಿಟ್ಟು ಅದರ ಮೇಲೆ ಡಿ ಮತ್ತು ಜಿ ತಂತಿಗಳಲ್ಲಿ ಎರಡೆರಡು ಸ್ವರ ಹಿಡಿಯುವ ಸಾಲನ್ನು ಯೋಚಿಸಿ. ಗಾಯಕರ ದನಿಗೆ ಹೊಂದಲಿ ಎಂದು ಹಾಡನ್ನು ಒಂದು ಪೂರ್ಣಸ್ವರ (ಎರಡು ಫ್ರೆಟ್) ಏರಿಸಿದರೆ ಮೂಲಸ್ವರ ಹಿಡಿಯಲು ಒಂದು ಬೆರಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಉಳಿದ ಮೂರು ಬೆರಳಿಗೆ ಸಾಲು ಎಟುಕುವುದಿಲ್ಲ. 2ನೇ ಫ್ರೆಟ್‌ನಲ್ಲಿ ಕ್ಯಾಪೋ ಹಾಕಿದರೆ ಎಲ್ಲ ಮೊದಲಿನಂತೆ. ಓಪನ್ ತಂತಿಗೆ ಹೆಬ್ಬೆರಳಿನಿಂದ ಹೊಡೆದು ಹ್ಯಾಮರ್-ಆನ್ ಮಾಡುವ (ಎಡಗೈ ಬೆರಳನ್ನು ಫ್ರೆಟ್‌ಗೆ ಕುಟ್ಟಿ ಮುಂದಿನ ಸ್ವರ ಹೊರಡಿಸುವ) ಸ್ಲ್ಯಾಪ್ ಸಾಲುಗಳ ಪಾಡೂ ಇದೇ.

ಇನ್ನೊಂದು ಉಪಯೋಗವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕೈ ಚಿಕ್ಕದಿರುವವರಿಗೆ, ಮಕ್ಕಳಿಗೆ, ಮಣಿಕಟ್ಟಿನ ನೋವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಬೇಸ್‌ನ ಮೊದಲ ಫ್ರೆಟ್‌ಗಳ ಅಗಲವೇ ದೊಡ್ಡ ತೊಡಕು. 34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) 1ನೇ ಫ್ರೆಟ್‌ಗೆ ಸುಮಾರು 48.5 ಮಿ.ಮೀ. ಅಂತರವಿದೆ. 2ನೇ ಫ್ರೆಟ್‌ನಲ್ಲಿ ಕ್ಯಾಪೋ ಇಟ್ಟರೆ ನುಡಿಯುವ ತಂತಿಯ ಉದ್ದ 864 ಮಿ.ಮೀ.ಯಿಂದ 769 ಮಿ.ಮೀ.ಗೆ, ಅಂದರೆ ಹೆಚ್ಚುಕಡಿಮೆ 30.3 ಇಂಚಿಗೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಶಾರ್ಟ್ ಸ್ಕೇಲ್ ಬೇಸ್‌ಗಳ ಉದ್ದವೂ 30 ಇಂಚಿನ ಆಸುಪಾಸಿನಲ್ಲೇ ಇರುತ್ತದೆ.

ಕ್ಯಾಪೋ ಹಾಕಿದ ಮೇಲೆ ಓಪನ್ ತಂತಿಗಳು ಯಾವ ಸ್ವರವಾಗುತ್ತವೆ?

ನಾಲ್ಕು ತಂತಿಯ ಬೇಸ್, ಇ-ಎ-ಡಿ-ಜಿ ಶ್ರುತಿ, ದಪ್ಪ ತಂತಿಯಿಂದ ತೆಳುವಿನ ಕಡೆಗೆ:

1ನೇ ಫ್ರೆಟ್: ಎಫ್, ಬಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್
2ನೇ ಫ್ರೆಟ್: ಎಫ್ ಶಾರ್ಪ್, ಬಿ, ಇ, ಎ
3ನೇ ಫ್ರೆಟ್: ಜಿ, ಸಿ, ಎಫ್, ಬಿ ಫ್ಲಾಟ್
4ನೇ ಫ್ರೆಟ್: ಜಿ ಶಾರ್ಪ್, ಸಿ ಶಾರ್ಪ್, ಎಫ್ ಶಾರ್ಪ್, ಬಿ
5ನೇ ಫ್ರೆಟ್: ಎ, ಡಿ, ಜಿ, ಸಿ

ಕೊನೆಯದು ಟೆನರ್ ಬೇಸ್‌ನ (ಏರುಶ್ರುತಿಯ ಬೇಸ್) ಶ್ರುತಿ. ಅಲ್ಲಿ ಉಳಿಯುವ ತಂತಿಯ ಉದ್ದ ಸುಮಾರು 647 ಮಿ.ಮೀ., ಅಂದರೆ 25.5 ಇಂಚು, ಬಹಳಷ್ಟು ಎಲೆಕ್ಟ್ರಿಕ್ ಗಿಟಾರ್‌ಗಳ ಉದ್ದವೂ ಅಷ್ಟೇ. ಕಾರ್ಡ್‌ಗಳನ್ನು ಹಿಡಿದು ಬೇಸ್ ನುಡಿಸುವವರಿಗೆ ಇದು ಖುಷಿ ಕೊಡುವ ಜಾಗ.

ಜಿ ತಂತಿ ಏಕೆ ನುಡಿಯುವುದಿಲ್ಲ?

ಬೇಸ್ ಕ್ಯಾಪೋದ ಅಸಲಿ ಸಮಸ್ಯೆ ಇದೊಂದೇ ಎಂದರೂ ತಪ್ಪಿಲ್ಲ. ಸಾಮಾನ್ಯ ಸೆಟ್‌ನಲ್ಲಿ ತಂತಿಗಳ ದಪ್ಪ 0.105, 0.085, 0.065, 0.045 ಇಂಚು. ಮಿಲಿಮೀಟರಿನಲ್ಲಿ ಇ ತಂತಿ 2.67, ಜಿ ತಂತಿ 1.14. ಎಲ್ಲ ತಂತಿಗಳ ತಳ ಫ್ರೆಟ್‌ಗೆ ತಾಗಬೇಕೆಂದರೆ ಅವುಗಳ ತಲೆ ಒಂದೇ ಮಟ್ಟದಲ್ಲಿ ಇರಲು ಸಾಧ್ಯವಿಲ್ಲ. ಇ ತಂತಿಯ ತಲೆ ಜಿ ತಂತಿಯದಕ್ಕಿಂತ ಒಂದೂವರೆ ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಕ್ಯಾಪೋದ ಪಟ್ಟಿ ಇ ತಂತಿಯ ಮೇಲೆ ಕೂತು ಅಲ್ಲೇ ನಿಂತುಬಿಡುತ್ತದೆ. ಜಿ ತಂತಿಗೆ ಒತ್ತಡವೇ ತಲುಪುವುದಿಲ್ಲ.

ಇದರ ಮೇಲೆ ಫ್ರೆಟ್‌ಬೋರ್ಡಿನ ಬಾಗು ಬೇರೆ. 9.5 ಇಂಚು ರೇಡಿಯಸ್ ಇರುವ ಬೋರ್ಡಿನಲ್ಲಿ ಅಂಚಿನ ತಂತಿಗಳು ನಡುವಿನವುಗಳಿಗಿಂತ ಸುಮಾರು ಅರ್ಧ ಮಿ.ಮೀ. ತಗ್ಗಿನಲ್ಲಿರುತ್ತವೆ. 7.25 ಇಂಚಿನ ಹಳೆಯ ಮಾದರಿಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು, 16 ಇಂಚಿನ ಚಪ್ಪಟೆ ಬೋರ್ಡುಗಳಲ್ಲಿ ಕಡಿಮೆ. "ಬೇಸ್ ಕತ್ತು ಅಗಲ, ಆದ್ದರಿಂದ ಕ್ಲಾಸಿಕಲ್ ಗಿಟಾರ್‌ನ ಅಗಲದ ಕ್ಯಾಪೋ ತಗೊಳ್ಳಿ" ಎಂಬ ಸಲಹೆ ಕೇಳಿ ಮೋಸಹೋಗುವುದು ಇಲ್ಲೇ. ಆ ಪಟ್ಟಿ ನೇರ ಚಪ್ಪಟೆ. ಬಾಗಿದ ಬೋರ್ಡಿನ ಮೇಲೆ ಜಿ ತಂತಿ ಇನ್ನಷ್ಟು ಸಡಿಲ.

ಅದಕ್ಕೆ ಪರಿಹಾರ?

ಮೊದಲು ಕ್ಯಾಪೋದ ದಿಕ್ಕು ನೋಡಿ. ಸ್ಪ್ರಿಂಗ್ ಕ್ಯಾಪೋ ಆದರೆ ಕೀಲು ಜಿ ತಂತಿಯ ಕಡೆಗೂ ಪಟ್ಟಿಯ ತುದಿ ಇ ತಂತಿಯ ಕಡೆಗೂ ಬರಲಿ. ಕೀಲಿನ ಹತ್ತಿರ ಬಾಯಿ ಕಿರಿದು, ತುದಿಯಲ್ಲಿ ಅಗಲ. ತಂತಿಗಳ ಇಳಿಜಾರಿಗೆ ಇದು ತಾನಾಗಿ ಹೊಂದುತ್ತದೆ. ಕೆಲವು ವಿನ್ಯಾಸಗಳಲ್ಲಿ ತಿರುಗುಮುರುಗಾಗಿ ಹಾಕಿದರೆ ಹಿಡಿತ ಚೆನ್ನಾಗಿರುತ್ತದೆ, ಆದ್ದರಿಂದ ಎರಡನ್ನೂ ಒಮ್ಮೆ ಪರೀಕ್ಷಿಸಿ.

ಅದರಿಂದ ಆಗದಿದ್ದರೆ ರಬ್ಬರಿಗೆ ಅಟ್ಟಿ ಕೊಡಬೇಕು. ಹಳೆಯ ಸೈಕಲ್ ಟ್ಯೂಬಿನ ತುಂಡು ಸಾಕು, ಅದು ಸುಮಾರು ಒಂದು ಮಿ.ಮೀ. ದಪ್ಪ ಇರುತ್ತದೆ. ಕ್ಯಾಪೋ ಹಾಕಿ, ಪ್ರತಿ ತಂತಿ ರಬ್ಬರಿಗೆ ತಾಗುವ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ. ಜಿ ಮತ್ತು ಡಿ ಎರಡನ್ನೂ ಮುಚ್ಚುವಷ್ಟು ಉದ್ದದ ತುಂಡನ್ನು ಎರಡು ಬದಿ ಅಂಟುವ ಟೇಪಿನಿಂದ ಪಟ್ಟಿಗೆ ಅಂಟಿಸಿ. ಜಿ ಇನ್ನೂ ಕೊಸರಾಡಿದರೆ ಅದರ ಮೇಲೆ ಜಿ ತಂತಿಯಷ್ಟಕ್ಕೆ ಇನ್ನೊಂದು ಚಿಕ್ಕ ತುಂಡು. ತುಂಡಿನ ಅಂಚು ತಂತಿಯ ಮೇಲೆಯೇ ಬೀಳದಂತೆ, ಎರಡು ತಂತಿಗಳ ನಡುವಿನ ಖಾಲಿ ಜಾಗದಲ್ಲಿ ಮುಗಿಯುವಂತೆ ಕತ್ತರಿಸಿ. ಅಂಚು ತಂತಿಯ ಮೇಲೆ ಬಿದ್ದರೆ ತಂತಿ ಪಕ್ಕಕ್ಕೆ ಜಾರುತ್ತದೆ. ನೋಡಲು ಒರಟು ಕೆಲಸ. ಆದರೆ ದುಬಾರಿ ಕ್ಯಾಪೋಗಳಲ್ಲಿ ಎಷ್ಟೋ ಇಷ್ಟು ಚೆನ್ನಾಗಿ ಕೂರುವುದಿಲ್ಲ.

ಯಾವ ಬಗೆಯ ಕ್ಯಾಪೋ ಕೊಳ್ಳಬೇಕು?

ತಿರುಪು ಇರುವುದು. ಬೇಸ್‌ನ ಒಂದೊಂದು ತಂತಿಯ ಬಿಗಿತ ಸುಮಾರು 18ರಿಂದ 23 ಕಿಲೋ, ಎಲೆಕ್ಟ್ರಿಕ್ ಗಿಟಾರ್ ತಂತಿಯ ಎರಡು ಪಟ್ಟಿಗಿಂತಲೂ ಹೆಚ್ಚು. ತಂತಿಗಳು ದಪ್ಪವಾಗಿರುವುದರಿಂದ ಬಾಗಲು ಸುಲಭಕ್ಕೆ ಒಪ್ಪುವುದೂ ಇಲ್ಲ. ಸ್ಪ್ರಿಂಗ್ ಕ್ಯಾಪೋದ ಒತ್ತಡ ಕಾರ್ಖಾನೆಯಲ್ಲೇ ನಿಗದಿಯಾದದ್ದು, ನೀವು ಬದಲಿಸುವಂತಿಲ್ಲ. ತಿರುಪಿನದರಲ್ಲಿ ಬೇಕಾದಷ್ಟು ಬಿಗಿ ಮಾಡಬಹುದು. ಸ್ಪ್ರಿಂಗಿನದೇ ಬೇಕೆಂದರೆ 12 ತಂತಿಯ ಗಿಟಾರ್‌ಗೆ ಮಾಡಿದ್ದನ್ನು ನೋಡಿ. ಅದರ ಸ್ಪ್ರಿಂಗ್ ಹೆಚ್ಚು ಗಟ್ಟಿ.

ರಬ್ಬರ್ ದಪ್ಪವಾಗಿ, ಮೆತ್ತಗಿರಲಿ. ಉಗುರಿನಿಂದ ಒತ್ತಿದರೆ ಒಂದು ಮಿಲಿಮೀಟರಾದರೂ ಒಳಗೆ ಹೋಗಬೇಕು. ತೆಳ್ಳಗಿನ ಗಡುಸು ರಬ್ಬರು ದಪ್ಪದ ವ್ಯತ್ಯಾಸವನ್ನು ನುಂಗಿಕೊಳ್ಳುವುದಿಲ್ಲ.

ಅಳತೆ ಹೇಗೆ ನೋಡಿಕೊಳ್ಳಲಿ?

ನೀವು ಕ್ಯಾಪೋ ಹಾಕಲಿರುವ ಅತಿ ಮೇಲಿನ ಫ್ರೆಟ್‌ನಲ್ಲಿ ಕತ್ತಿನ ಅಗಲ ಅಳೆಯಿರಿ, ನಟ್‌ನಲ್ಲಿ ಅಲ್ಲ. ಫೆಂಡರ್ ಜಾಝ್ ಬೇಸ್‌ನ ನಟ್ ಅಗಲ 38 ಮಿ.ಮೀ., ಪ್ರಿಸಿಷನ್‌ನದು 41ರಿಂದ 44. ಐದನೇ ಫ್ರೆಟ್‌ಗೆ ಬರುವಷ್ಟರಲ್ಲಿ ಇದು ಆರೇಳು ಮಿ.ಮೀ. ಹೆಚ್ಚಾಗಿರುತ್ತದೆ. ಪಟ್ಟಿಯ ರಬ್ಬರ್ ಭಾಗ ಆ ಅಳತೆಗಿಂತ ಕಡಿಮೆಯಿರಬಾರದು. ಜಾಝ್ ಬೇಸ್‌ಗೆ ಸಾಮಾನ್ಯ ಗಿಟಾರ್ ಕ್ಯಾಪೋ ಅಗಲದಲ್ಲಿ ಸಾಲುತ್ತದೆ. ಅಲ್ಲಿ ತೊಂದರೆ ಕೊಡುವುದು ಒತ್ತಡ. ಕತ್ತಿನ ದಪ್ಪವನ್ನೂ ತಂತಿಯ ಸಮೇತ ಅಳೆದುಕೊಳ್ಳಿ, ಬಾಯಿ ಅಷ್ಟು ತೆರೆಯಬೇಕು.

ಹಾಕುವ ಸರಿಯಾದ ಕ್ರಮ ಯಾವುದು?

ಕ್ಯಾಪೋ ಇಲ್ಲದೆ ನಾಲ್ಕೂ ತಂತಿಗಳ ಶ್ರುತಿ ಕೂಡಿಸಿ. ತಿರುಪನ್ನು ಪೂರ್ತಿ ಸಡಿಲಿಸಿ, ಪಟ್ಟಿಯನ್ನು ಫ್ರೆಟ್‌ಗೆ ಸಮಾನಾಂತರವಾಗಿ, ಫ್ರೆಟ್‌ನ ಲೋಹದ ಗೆರೆಯಿಂದ ನಟ್ ಕಡೆಗೆ 3ರಿಂದ 5 ಮಿ.ಮೀ. ಬಿಟ್ಟು ಇಡಿ. ಫ್ರೆಟ್‌ನ ಮೇಲೆಯೇ ಕೂತರೆ ದನಿ ಮಂಕಾಗುತ್ತದೆ. ಎರಡು ಫ್ರೆಟ್‌ಗಳ ನಡುಮಧ್ಯಕ್ಕೆ ಹೋದರೆ ತಂತಿ ಹೆಚ್ಚು ಕೆಳಗೆ ಬಾಗಿ ಶ್ರುತಿ ಏರುತ್ತದೆ.

ಈಗ ಜಿ ತಂತಿಯನ್ನು ಮೀಟುತ್ತಲೇ ತಿರುಪು ಬಿಗಿಯುತ್ತ ಹೋಗಿ. ಗರಗರ ನಿಂತ ಕೂಡಲೇ ಕಾಲು ಸುತ್ತು ಹೆಚ್ಚಿಗೆ ತಿರುಗಿಸಿ, ಅಲ್ಲಿಗೆ ಬಿಡಿ. ಉಳಿದ ಮೂರನ್ನೂ ಮೀಟಿ ನೋಡಿ. ನಂತರ ಪ್ರತಿ ತಂತಿಯನ್ನು 12ನೇ ಫ್ರೆಟ್‌ನ ಹತ್ತಿರ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒಮ್ಮೆ ಮೇಲಕ್ಕೆಳೆದು ಬಿಡಿ. ರಬ್ಬರಿನಡಿ ಸಿಕ್ಕಿಕೊಂಡ ಎಳೆತ ಆಗ ಸಮವಾಗುತ್ತದೆ. ಇದಾದ ಮೇಲಷ್ಟೇ ಟ್ಯೂನರ್ ನೋಡಿ.

ಸ್ಪ್ರಿಂಗ್ ಕ್ಯಾಪೋವನ್ನು ಟಕ್ ಎಂದು ಬಿಡಬೇಡಿ. ಮುಚ್ಚುವಾಗ ತಂತಿಗಳು ಪಕ್ಕಕ್ಕೆ ತಳ್ಳಿಸಿಕೊಂಡರೆ ಒಂದೊಂದು ಒಂದೊಂದು ರೀತಿ ಅಪಶ್ರುತಿಯಾಗುತ್ತದೆ. ಮೇಲಿನಿಂದ ನೋಡಿದರೆ ತಂತಿಗಳು ನಟ್‌ನಿಂದ ದೇಹದ ಮೇಲಿನ ಬ್ರಿಡ್ಜ್‌ವರೆಗೆ (ತಂತಿಗಳ ಇನ್ನೊಂದು ತುದಿ) ನೇರ ಗೆರೆಯಾಗಿರಬೇಕು.

ಕ್ಯಾಪೋ ಹಾಕಿದ ಮೇಲೆ ಶ್ರುತಿ ಏರುತ್ತದೆ. ಎಷ್ಟರವರೆಗೆ ಸಹಿಸಬಹುದು?

ಒಂದು ಅರ್ಧಸ್ವರಕ್ಕೆ 100 ಸೆಂಟ್. ಐದು ಸೆಂಟ್‌ವರೆಗೆ ತಂಡದ ಜೊತೆ ನುಡಿಸುವಾಗ ಯಾರ ಕಿವಿಗೂ ಬೀಳುವುದಿಲ್ಲ. ಹತ್ತು ದಾಟಿದರೆ ಕೀಬೋರ್ಡ್ ಜೊತೆ ನಿಂತಾಗ ಕಿರಿಕಿರಿ ಶುರುವಾಗುತ್ತದೆ. ಎಲ್ಲ ತಂತಿಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಕ್ಯಾಪೋ ಅತಿಯಾಗಿ ಬಿಗಿಯಾಗಿದೆ ಅಥವಾ ಫ್ರೆಟ್‌ನಿಂದ ದೂರವಿದೆ. ಇ ಮಾತ್ರ ಏರಿದ್ದರೆ ಒತ್ತಡವೆಲ್ಲ ಆ ಬದಿಗೆ ಬೀಳುತ್ತಿದೆ. ಮೇಲೆ ಹೇಳಿದ ರಬ್ಬರ್ ಅಟ್ಟಿಯೇ ಇದಕ್ಕೂ ಮದ್ದು.

ಬಿರಡೆ ತಿರುಗಿಸಿ ಸರಿಮಾಡುವುದಾದರೆ ಒಂದು ಎಚ್ಚರ. ರಬ್ಬರಿನಡಿ ತಂತಿ ಅಂಟಿಕೊಂಡಂತಿರುತ್ತದೆ: ಬಿರಡೆ ತಿರುಗಿಸಿದರೂ ಟ್ಯೂನರ್ ಮುಳ್ಳು ಅಲ್ಲಾಡುವುದಿಲ್ಲ, ಇನ್ನೂ ತಿರುಗಿಸಿದರೆ ಒಮ್ಮೆಲೇ ಜಾರಿ ಎಲ್ಲೋ ಹೋಗುತ್ತದೆ. ಸ್ವಲ್ಪ ಕೆಳಗಿಳಿಸಿ, ತಂತಿಯನ್ನು ಎಳೆದುಬಿಟ್ಟು ಮತ್ತೆ ನೋಡಿ. ಮತ್ತೆ ಕ್ಯಾಪೋ ತೆಗೆದಾಗ ಶ್ರುತಿ ಇಳಿದಿರುತ್ತದೆ, ಮುಂದಿನ ಹಾಡಿಗೆ ಮೊದಲು ಸರಿಮಾಡಿಕೊಳ್ಳಲು ಅರ್ಧ ನಿಮಿಷ ಇಟ್ಟುಕೊಳ್ಳಿ.

ಟ್ಯೂನರ್ ಸ್ವರವನ್ನೇ ಗುರುತಿಸುತ್ತಿಲ್ಲ, ಏಕೆ?

ಬೇಸ್ ಮೋಡ್‌ನಲ್ಲಿದ್ದರೆ ಅದು ಇ, ಎ, ಡಿ, ಜಿ ಮಾತ್ರ ಹುಡುಕುತ್ತಿರುತ್ತದೆ. ಎಲ್ಲ ಅರ್ಧಸ್ವರಗಳನ್ನೂ ಗುರುತಿಸುವ ಕ್ರೊಮ್ಯಾಟಿಕ್ ಮೋಡ್‌ಗೆ ಬದಲಿಸಿ. ಕ್ಲಿಪ್ ಟ್ಯೂನರ್ ಕೆಳಸ್ವರಗಳಿಗೆ ತಡವರಿಸಿದರೆ 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ತಾಗಿಸಿ ಹೊರಡಿಸುವ ಸ್ವರ) ಬಳಸುವ ಅಭ್ಯಾಸವಿರುತ್ತದಲ್ಲ, ಅದೂ ಈಗ ಜಾಗ ಬದಲಿಸಿರುತ್ತದೆ: ಕ್ಯಾಪೋ 2ರಲ್ಲಿದ್ದರೆ 14ನೇ ಫ್ರೆಟ್, 3ರಲ್ಲಿದ್ದರೆ 15.

ಎಷ್ಟನೇ ಫ್ರೆಟ್‌ವರೆಗೆ ಹೋಗಬಹುದು?

ಐದರವರೆಗೆ. ಆಮೇಲೆ ಇ ತಂತಿಯ ದಪ್ಪಕ್ಕೂ ಉದ್ದಕ್ಕೂ ತಾಳೆಯಾಗುವುದಿಲ್ಲ. ದಪ್ಪ ತಂತಿ ಗಿಡ್ಡವಾದಷ್ಟೂ ಅದರ ಮೇಲಿನ ಸ್ವರಾಂಶಗಳು ಮಂಕಾಗುತ್ತವೆ, ಸ್ವರ ಸ್ಪಷ್ಟವಾಗದೆ ದಪ್ ಎಂದು ಕೇಳುತ್ತದೆ. 20 ಫ್ರೆಟ್‌ನ ಬೇಸ್‌ನಲ್ಲಿ ಕೈಗೆ ಉಳಿಯುವುದೂ 15 ಫ್ರೆಟ್ ಮಾತ್ರ.

ಕ್ಯಾಪೋ ಬದಲು ತಂತಿಗಳನ್ನೇ ಎರಡು ಅರ್ಧಸ್ವರ ಏರಿಸಿದರೆ?

ಬೇಡ. ಉದ್ದ ಅಷ್ಟೇ ಇದ್ದು ಶ್ರುತಿ ಏರಿದರೆ ಬಿಗಿತ ಆವೃತ್ತಿಯ ವರ್ಗದಂತೆ ಏರುತ್ತದೆ. ಎರಡು ಅರ್ಧಸ್ವರಕ್ಕೆ ಶೇ 26ರಷ್ಟು ಹೆಚ್ಚು ಎಳೆತ. ಕತ್ತು ಮುಂದಕ್ಕೆ ಬಾಗುತ್ತದೆ, ತಂತಿ ಎತ್ತರವಾಗುತ್ತದೆ, ಬೆರಳಿಗೂ ಶಿಕ್ಷೆ. ಒಂದು ಅರ್ಧಸ್ವರವಾದರೆ ಶೇ 12. ಒಂದು ಸಂಜೆಗೆ ನಡೆಯುತ್ತದೆ.

ಇದರ ತಿರುಗುಮುರುಗು ಮಾತ್ರ ಒಳ್ಳೆಯ ಉಪಾಯ: ಎಲ್ಲ ತಂತಿಗಳನ್ನೂ ಒಂದು ಪೂರ್ಣಸ್ವರ ಇಳಿಸಿ ಡಿ-ಜಿ-ಸಿ-ಎಫ್ ಮಾಡಿ, 2ನೇ ಫ್ರೆಟ್‌ಗೆ ಕ್ಯಾಪೋ ಹಾಕಿ. ಶ್ರುತಿ ಮತ್ತೆ ಇ-ಎ-ಡಿ-ಜಿ, ಆದರೆ ಫ್ರೆಟ್‌ಗಳು ಹತ್ತಿರ, ಬಿಗಿತ ಶೇ 20ರಷ್ಟು ಕಡಿಮೆ. ಕಲಿಯುವ ಮಕ್ಕಳಿಗೆ ಶಾರ್ಟ್ ಸ್ಕೇಲ್ ಬೇಸ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಬಹುದು. ತಂತಿ ತೀರಾ ಸಡಿಲ ಅನ್ನಿಸಿ ಫ್ರೆಟ್‌ಗೆ ಬಡಿದರೆ 0.110ರಿಂದ ಶುರುವಾಗುವ ದಪ್ಪನೆಯ ಸೆಟ್ ಹಾಕಿ.

ಐದು ತಂತಿಯ ಬೇಸ್‌ಗೆ?

ಕಷ್ಟ ಹೆಚ್ಚು, ಫಲ ಕಡಿಮೆ. ಬಿ ತಂತಿ ಸಾಮಾನ್ಯವಾಗಿ 0.130 ಇಂಚು, 3.3 ಮಿ.ಮೀ.; ಜಿ ತಂತಿಗೂ ಅದಕ್ಕೂ ಎರಡು ಮಿ.ಮೀ.ಗಿಂತ ಹೆಚ್ಚು ಅಂತರ. ನಟ್ ಅಗಲವೇ 45ರಿಂದ 48 ಮಿ.ಮೀ. ಇರುವುದರಿಂದ 55 ಮಿ.ಮೀ.ಗೆ ಕಡಿಮೆಯಿಲ್ಲದ ಪಟ್ಟಿ ಬೇಕು. ಶ್ರುತಿ ಏರಿಸುವುದಷ್ಟೇ ಉದ್ದೇಶವಾದರೆ ಐದು ತಂತಿಯಲ್ಲಿ ಕ್ಯಾಪೋ ಬೇಕಾಗುವುದೇ ಅಪರೂಪ. 5ನೇ ಫ್ರೆಟ್‌ನಲ್ಲಿ ಹಾಕಿದರೆ ಇ-ಎ-ಡಿ-ಜಿ-ಸಿ ಬರುತ್ತದೆ ನಿಜ, ಆದರೆ ಆ ಕೆಳಗಿನ ಇ ನುಡಿಯುವುದು ಗಿಡ್ಡವಾದ ಬಿ ತಂತಿಯಲ್ಲಿ, ದನಿ ಮೊಂಡು.

ಇ ತಂತಿಯನ್ನು ಬಿಟ್ಟು ಉಳಿದ ಮೂರಕ್ಕೆ ಮಾತ್ರ ಕ್ಯಾಪೋ ಹಾಕಬಹುದೇ?

ಹಾಕಿ ನೋಡಿ, ಇದು ಬೇಸ್‌ಗೆ ಹೇಳಿ ಮಾಡಿಸಿದ ತಂತ್ರ. ಎ, ಡಿ, ಜಿ ತಂತಿಗಳನ್ನಷ್ಟೇ 2ನೇ ಫ್ರೆಟ್‌ನಲ್ಲಿ ಒತ್ತಿದರೆ ಓಪನ್ ತಂತಿಗಳು ಇ-ಬಿ-ಇ-ಎ ಆಗುತ್ತವೆ. ಕೆಳಗಿನ ಇ ಕಳೆದುಹೋಗುವುದಿಲ್ಲ, ಮೇಲೆ ಅದರ ಐದನೆಯ ಸ್ವರವೂ (ಬಿ) ಎಂಟನೆಯದೂ (ಮೇಲಿನ ಇ) ಓಪನ್ ಆಗಿ ಸಿಗುತ್ತವೆ. ಅತಿ ದಪ್ಪದ ತಂತಿ ಪಟ್ಟಿಯಡಿ ಇಲ್ಲದ್ದರಿಂದ ಜಿ ತಂತಿಯ ತಕರಾರೂ ಬಹುಮಟ್ಟಿಗೆ ಮುಗಿಯುತ್ತದೆ.

ಮೂರು ತಂತಿಗೆಂದೇ ಮಾಡಿದ ಗಿಟಾರ್ ಕ್ಯಾಪೋ ಇಲ್ಲಿ ಸಾಲದಿರಬಹುದು. ಗಿಟಾರ್‌ನಲ್ಲಿ ತಂತಿಗಳ ಅಂತರ ನಟ್ ಬಳಿ ಸುಮಾರು 7 ಮಿ.ಮೀ., ಬೇಸ್‌ನಲ್ಲಿ 10ರ ಆಸುಪಾಸು. ಮಾಮೂಲಿ ಸ್ಪ್ರಿಂಗ್ ಕ್ಯಾಪೋವನ್ನೇ ಜಿ ತಂತಿಯ ಕಡೆಯಿಂದ ಹಾಕಿ, ತುದಿ ಇ ತಂತಿಗೆ ಮೊದಲೇ ನಿಲ್ಲುವಂತೆ ಹಿಂದಕ್ಕೆ ಸರಿಸಿ. ತುದಿಯ ರಬ್ಬರು ಇ ತಂತಿಗೆ ಒಂದಿಷ್ಟೂ ತಾಗಬಾರದು. ಜೋರಾಗಿ ಮೀಟಿದಾಗ ತಂತಿ ಅಗಲವಾಗಿ ಕಂಪಿಸುತ್ತದೆ, ಆ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲ ಸರಿಯಿದ್ದರೂ ಫ್ರೆಟ್‌ಗಳಲ್ಲಿ ಗರಗರ ಬರುತ್ತಿದೆ.

ಕ್ಯಾಪೋ ಹಾಕಿದ ಮೇಲೆ ನಟ್ ಕೊಡುತ್ತಿದ್ದ ಎತ್ತರ ಇರುವುದಿಲ್ಲ, ತಂತಿ ನೇರ ಫ್ರೆಟ್‌ನ ಮೇಲೆ ಕೂತಿರುತ್ತದೆ. ಕತ್ತು ತೀರಾ ನೇರವಾಗಿದ್ದರೆ ಮುಂದಿನ ಎರಡು ಮೂರು ಫ್ರೆಟ್‌ಗಳಿಗೆ ತಂತಿ ಬಡಿಯುತ್ತದೆ. ಕತ್ತಿನಲ್ಲಿ 0.25ರಿಂದ 0.35 ಮಿ.ಮೀ. ಬಾಗು ಇದೆಯೇ ನೋಡಿ: ಇ ತಂತಿಯನ್ನು 1ನೇ ಫ್ರೆಟ್‌ನಲ್ಲೂ ಕತ್ತು ದೇಹಕ್ಕೆ ಸೇರುವಲ್ಲೂ ಒತ್ತಿ, ನಡುವೆ 7ನೇ ಫ್ರೆಟ್‌ನ ಬಳಿ ಸಂದು ಅಳೆಯಿರಿ. ಅಷ್ಟಿದ್ದೂ ಸದ್ದು ಬಂದರೆ ಮೀಟುವ ಕೈ ಹಗುರ ಮಾಡಿ. ಒಂದು ಹಾಡಿನ ಕ್ಯಾಪೋಗಾಗಿ ಟ್ರಸ್ ರಾಡ್ (ಬಾಗು ಸರಿಹೊಂದಿಸುವ ಕತ್ತಿನೊಳಗಿನ ಕಂಬಿ) ತಿರುಗಿಸುವುದು ಅತಿಯಾಯಿತು.

ಸದ್ದು ಕ್ಯಾಪೋದ ಹಿಂದಿನಿಂದ, ನಟ್ ಕಡೆಯಿಂದ ಬರುತ್ತಿದ್ದರೆ ಅಲ್ಲಿನ ತಂತಿಯ ತುಂಡು ಕಂಪಿಸುತ್ತಿದೆ ಎಂದರ್ಥ. ಸಣ್ಣ ಸ್ಪಂಜಿನ ಚೂರನ್ನು ತಂತಿಗಳಡಿ ತುರುಕಿ.

ಕೆಲವರು ಕತ್ತಿಗೆ ಬಟ್ಟೆಯಂಥ ಪಟ್ಟಿ ಸುತ್ತಿರುತ್ತಾರಲ್ಲ, ಅದೂ ಕ್ಯಾಪೋವೇ?

ಅಲ್ಲ. ಹೆಸರಾಂತ ಬೇಸ್ ವಾದಕ ವಿಕ್ಟರ್ ವೂಟನ್ ಅವರ ವಾದ್ಯದಲ್ಲಿ ಕಾಣುವ ಕೂದಲಿನ ರಬ್ಬರ್‌ಬ್ಯಾಂಡ್ ಅಂಥದೇ. ಅದು ತಂತಿಯನ್ನು ಫ್ರೆಟ್‌ಗೆ ಒತ್ತುವುದಿಲ್ಲ, ಮೆಲ್ಲಗೆ ತಾಗಿಕೊಂಡು ಓಪನ್ ತಂತಿಗಳು ತಾವಾಗಿ ಮೊರೆಯದಂತೆ ತಡೆಯುತ್ತದೆ. ಟ್ಯಾಪಿಂಗ್ (ಬೆರಳಿನಿಂದ ತಂತಿಯನ್ನು ಫ್ರೆಟ್‌ಗೆ ತಟ್ಟಿ ನುಡಿಸುವುದು) ಮಾಡುವಾಗ, ಧ್ವನಿಮುದ್ರಣದಲ್ಲಿ ಬಹಳ ಉಪಯುಕ್ತ. ಶ್ರುತಿ ಬದಲಾಗುವುದಿಲ್ಲ.

ಫ್ರೆಟ್‌ಲೆಸ್ ಬೇಸ್‌ಗೆ, ಓರೆ ಫ್ರೆಟ್‌ಗಳ ಬೇಸ್‌ಗೆ?

ಫ್ರೆಟ್‌ಲೆಸ್‌ಗೆ ಬೇಡ. ಲೋಹದ ಆಸರೆ ಇಲ್ಲದ್ದರಿಂದ ರಬ್ಬರಿನ ಅಂಚೇ ತಂತಿಯ ಕೊನೆಯಾಗುತ್ತದೆ. ದನಿ ಮುಗ್ಗಾಗುತ್ತದೆ, ರೌಂಡ್‌ವೂಂಡ್ (ಗುಂಡು ಸುರುಳಿ ಸುತ್ತಿದ, ಒರಟು ಮೈಯ) ತಂತಿಯಾದರೆ ಮರದ ಮೇಲೆ ಗೆರೆ ಮೂಡುತ್ತದೆ. ಓರೆ ಫ್ರೆಟ್‌ಗಳಲ್ಲಿ ನಟ್ ಹತ್ತಿರ ಓರೆ ಹೆಚ್ಚು. ಕ್ಯಾಪೋವನ್ನೂ ಓರೆಯಾಗಿ ಹಾಕಬೇಕಾಗುತ್ತದೆ, ಆಗ ಹಿಂಬದಿಯ ಹಿಡಿತ ಜಾರುತ್ತದೆ. ಓರೆ ಕಡಿಮೆಯಿದ್ದರೆ ತಿರುಪಿನ ಕ್ಯಾಪೋ ನಿಲ್ಲುತ್ತದೆ.

ಫೆಂಡರ್ ಬೇಸ್ 6ರಂಥ ಆರು ತಂತಿಯ ವಾದ್ಯಕ್ಕೆ?

1961ರಲ್ಲಿ ಬಂದ ಆ ವಾದ್ಯದ ಸ್ಕೇಲ್ 30 ಇಂಚು, ಶ್ರುತಿ ಗಿಟಾರ್‌ನದೇ, ಒಂದು ಸ್ಥಾಯಿ ಕೆಳಗೆ. ತಂತಿಗಳು ಒತ್ತೊತ್ತಾಗಿವೆ, ಕಾರ್ಡ್ ಆಕಾರಗಳೂ ಗಿಟಾರ್‌ನವೇ. ಇಲ್ಲಿ ಕ್ಯಾಪೋ ಗಿಟಾರ್‌ನಷ್ಟೇ ಸಹಜ. ತಿರುಪಿನದು ಬಳಸಿದರೆ ಸಾಕು.

ಕ್ಯಾಪೋವನ್ನು ಬೇಸ್‌ನ ಮೇಲೆಯೇ ಬಿಟ್ಟಿಡಬಹುದೇ?

ಬಿಡಬೇಡಿ. ರೌಂಡ್‌ವೂಂಡ್ ತಂತಿಯ ಸುರುಳಿಗಳು ರಬ್ಬರಿನಲ್ಲಿ ಕಚ್ಚು ಮಾಡುತ್ತವೆ. ಮುಂದಿನ ಸಲ ತಂತಿ ಆ ಹಳೆಯ ಕಚ್ಚಿಗೇ ಜಾರಿ ಪಕ್ಕಕ್ಕೆ ಸರಿಯುತ್ತದೆ. ನುಣುಪು ಮೈಯ ಫ್ಲಾಟ್‌ವೂಂಡ್‌ನಲ್ಲಿ ಈ ಕಾಟ ಕಡಿಮೆ. ಕತ್ತಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದಿದ್ದರೆ ಇನ್ನೂ ಜಾಗ್ರತೆ: ರಬ್ಬರು ಅದರೊಂದಿಗೆ ಪ್ರತಿಕ್ರಿಯಿಸಿ ಹೋಗದ ಕಲೆ ಬಿಡಬಹುದು. ಹೆಡ್‌ಸ್ಟಾಕ್‌ಗೆ (ಬಿರಡೆಗಳಿರುವ ತಲೆಭಾಗ) ಸಿಕ್ಕಿಸಿಡುವ ಅಭ್ಯಾಸವಿದ್ದವರಿಗೂ ಇದೇ ಮಾತು. ನುಡಿಸಿದ ಮೇಲೆ ತೆಗೆದು ಕೇಸಿನ ಜೇಬಿಗೆ ಹಾಕಿ. ರಬ್ಬರಿನಲ್ಲಿ ಕಚ್ಚು ಆಳವಾಗಿದ್ದರೆ ಅದನ್ನಷ್ಟೇ ಬದಲಿಸಿ; ಹಲವು ತಯಾರಕರು ರಬ್ಬರನ್ನು ಬಿಡಿಯಾಗಿ ಮಾರುತ್ತಾರೆ.